ಕೈ ಹಿಡಿದರೆ ಬೆಳಗುವ ಗೊಂಬೆ ದರ್ಬಾರು: ಈ ಸಲ ಕೈಕೊಡದಂತೆ ಮಾಡುವ ಬಗೆ

“ಮೇಜಿನ ಮೇಲೆ ಚೆನ್ನಾಗಿತ್ತು. ಗೊಂಬೆ ಕೂರಿಸಿದ ಮೇಲೆ ಕೈಕೊಟ್ಟಿತು.” ಕಳೆದ ದಸರಾದಲ್ಲಿ ಈ ಬೆಳಗುವ ದರ್ಬಾರನ್ನು ಮಾಡಲು ಹೋದವರು ಒಬ್ಬರಾದ ಮೇಲೆ ಒಬ್ಬರು ನನಗೆ ಹೇಳಿದ್ದು ಇದನ್ನೇ. ಫೋಟೊ ಕಳಿಸಿ ಅಂದೆ. ನೋಡಿದರೆ ಸರ್ಕ್ಯೂಟ್‌ನಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಕೆಲಸ ಮಾಡಿದ ಕ್ರಮ ತಲೆಕೆಳಗಾಗಿತ್ತು. ಎಲ್ಲರೂ ಮೊದಲು ತಂತಿ ಜೋಡಿಸಿ, ಆಮೇಲೆ ಅದಕ್ಕೊಂದು ಜಾಗ ಹುಡುಕಿದ್ದರು. ಮಕ್ಕಳು ಅದನ್ನು ಹೇಗೆ ಆಡುತ್ತಾರೆ ಅನ್ನುವುದನ್ನು ಕೊನೆಯ ದಿನ ನೋಡಿದ್ದರು.

ಆದ್ದರಿಂದ ಈ ಸಲ ಮೊದಲು ಆಟ, ಆಮೇಲೆ ಮಣೆ, ಅದಾದ ಮೇಲೆ ತಂತಿ. ಈ ಸಾಲು ತಪ್ಪಿಸಬೇಡಿ.

ನಾವು ಮಾಡುವುದು ಇದು. ಗೊಂಬೆ ಮೆಟ್ಟಿಲಿನ ಎಡಕ್ಕೊಂದು, ಬಲಕ್ಕೊಂದು ಮಣೆ. ಒಂದು ರಾಜನದು, ಇನ್ನೊಂದು ರಾಣಿಯದು. ಎರಡರ ಮೇಲೂ ತಾಮ್ರದ ತಗಡು. ಒಂದು ಮಗು ರಾಜನ ತಗಡಿನ ಮೇಲೆ ಅಂಗೈ ಇಡುತ್ತದೆ, ಇನ್ನೊಂದು ರಾಣಿಯದರ ಮೇಲೆ. ಏನೂ ಆಗುವುದಿಲ್ಲ. ಇಬ್ಬರೂ ಇನ್ನೊಂದು ಕೈಯನ್ನು ಚಾಚಿ ಪರಸ್ಪರ ಹಿಡಿದುಕೊಂಡ ತಕ್ಷಣ ಪಟ್ಟದ ಗೊಂಬೆಗಳ ಮಂಟಪ ಬೆಳಗುತ್ತದೆ, ಮನೆಯ ಅಜ್ಜಿಯ ದನಿ “ಬನ್ನಿ, ಬನ್ನಿ” ಅಂತ ಕರೆಯುತ್ತದೆ. ಕೈ ಬಿಟ್ಟರೆ ಕತ್ತಲು. ಮೊಬೈಲ್ ಬೇಡ, ಕೋಡ್ ಬರೆಯುವುದೂ ಬೇಡ. ಸಣ್ಣ ಕರೆಂಟನ್ನು ದೊಡ್ಡದು ಮಾಡುವ ಮೂರು ಟ್ರಾನ್ಸಿಸ್ಟರ್ ಸಾಕು.

ಬೇಕಾದ ಸಾಮಾನು

ಕೈಗೆಲಸದ ಕಡೆಯಿಂದ: ಊಟದ ಮಣೆ ಎರಡು, ಅಂಗೈಗಿಂತ ಸ್ವಲ್ಪ ದೊಡ್ಡದಾದ ತೆಳು ತಾಮ್ರದ ತಗಡು ಎರಡು, ತಗಡಿಗೊಂದು ಸಣ್ಣ ಬೋಲ್ಟು, ನಟ್ಟು, ಎರಡೆರಡು ವಾಷರ್. ಮಂಟಪಕ್ಕೆ ರಟ್ಟು, ಟ್ರೇಸಿಂಗ್ ಪೇಪರ್. ಅಲಂಕಾರದ ಲೇಸು, ಮಣಿ ಎಲ್ಲ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೂವಿಗೆ ಹೋದಾಗ ಆ ಸುತ್ತಿನಲ್ಲೇ ನೋಡಿಕೊಂಡು ಬನ್ನಿ.

ಎಲೆಕ್ಟ್ರಾನಿಕ್ಸ್ ಕಡೆಯಿಂದ: ಬಿಸಿ547 ಟ್ರಾನ್ಸಿಸ್ಟರ್ ಎರಡು, ಬಿಸಿ557 ಒಂದು. ತಲಾ ಎರಡು ಜಾಸ್ತಿ ತನ್ನಿ, ಸುಡುವುದು ಖಂಡಿತ. ಕರೆಂಟನ್ನು ತಡೆಯುವ ರೆಸಿಸ್ಟರ್‌ಗಳಲ್ಲಿ 100 ಕಿಲೊ ಓಮ್ ಎರಡು, 1 ಮೆಗಾ ಓಮ್ ಎರಡು, 10 ಮೆಗಾ ಓಮ್ ಒಂದು, 47 ಕಿಲೊ ಒಂದು, 10 ಕಿಲೊ ಒಂದು, 4.7 ಕಿಲೊ ಒಂದು, 220 ಓಮ್ ಆರು. ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಲ್ಲಿ 104 ಅಂತ ಬರೆದಿರುವ ಸೆರಾಮಿಕ್ ಕೆಪಾಸಿಟರ್ ಒಂದು, 470 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಂದು. ವಾರ್ಮ್ ವೈಟ್ ಎಲ್‌ಇಡಿ ಆರು. ದಸರಾದಲ್ಲಿ ಮೈಸೂರು ಅರಮನೆಗೆ ಸುಮಾರು ಲಕ್ಷ ಬಲ್ಬು ಉರಿಯುತ್ತವೆ, ನಮ್ಮ ದರ್ಬಾರಿಗೆ ಆರೇ ಸಾಕು. ಐಎಸ್‌ಡಿ1820 ಅನ್ನುವ ದನಿ ರೆಕಾರ್ಡ್ ಮಾಡುವ ಮಾಡ್ಯೂಲ್, 8 ಓಮ್ ಸ್ಪೀಕರ್, ಮೂರು ಎಎ ಸೆಲ್ ಹಿಡಿಯುವ ಡಬ್ಬಿ, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ಹಲಗೆ), ಜೀರೋ ಪಿಸಿಬಿ (ಬೆಸುಗೆ ಹಾಕಲು ತೂತುಗಳಿರುವ ಬೋರ್ಡು), ವೈರು.

ಉಪಕರಣಗಳಲ್ಲಿ 25 ವ್ಯಾಟ್ ಸೋಲ್ಡರಿಂಗ್ ಐರನ್, ಕಟಿಂಗ್ ಪ್ಲೈಯರ್, ಅರ, ಡ್ರಿಲ್ಲು. ಮತ್ತೆ ಮಲ್ಟಿಮೀಟರ್. ಮೀಟರ್ ಇಲ್ಲದೆ ಶುರು ಮಾಡಲೇಬೇಡಿ. ಪಕ್ಕದ ಮನೆಯಲ್ಲಿ ಕೇಳಿದರೂ ಸರಿ, ಒಂದು ವಾರಕ್ಕೆ ಇಸಕೊಳ್ಳಿ.

ಕೊಳ್ಳುವಾಗ ಮೂರು ಕಡೆ ಜನ ಎಡವುತ್ತಾರೆ. ಒಂದು, ತಾಮ್ರದ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಕರೆಂಟ್ ಹರಿಯುತ್ತದೆ ನಿಜ, ಆದರೆ ಅದಕ್ಕೆ ನಮ್ಮ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ, ಎರಡನೇ ದಿನ ಹರಿದೂ ಹೋಗುತ್ತದೆ. ಎರಡು, ತಾಮ್ರದ ಟೇಪು. ಅದರ ಕೆಳಗಿನ ಅಂಟಿನಲ್ಲಿ ಎಷ್ಟೋ ಸಲ ಕರೆಂಟ್ ಹರಿಯುವುದಿಲ್ಲ. ಒಂದರ ಮೇಲೊಂದು ಅಂಟಿಸಿದರೆ ಕಣ್ಣಿಗೆ ಒಂದೇ, ಮೀಟರ್‌ಗೆ ಎರಡು. ಮೂರು, ಪವರ್ ಬ್ಯಾಂಕ್. ನಮ್ಮ ಸರ್ಕ್ಯೂಟ್ ಸುಮ್ಮನಿದ್ದಾಗ ಹೆಚ್ಚೂಕಡಿಮೆ ಏನನ್ನೂ ಎಳೆಯುವುದಿಲ್ಲ. ಫೋನ್ ತೆಗೆದುಬಿಟ್ಟಿದ್ದಾರೆ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. “ಅರ್ಧ ನಿಮಿಷ ಚೆನ್ನಾಗಿದ್ದು ಸತ್ತುಹೋಗುತ್ತೆ” ಅಂದವರೆಲ್ಲ ಪವರ್ ಬ್ಯಾಂಕ್ ಹಾಕಿದವರೇ. ಮೂರು ಆಲ್ಕಲೈನ್ ಸೆಲ್ ಹಾಕಿ, 4.5 ವೋಲ್ಟ್ ಬರುತ್ತದೆ, ಸ್ವಿಚ್ಚೂ ಬೇಡ.

ಹಂತ 1: ತಂತಿ ಮುಟ್ಟುವ ಮೊದಲು ಆಡಿಸಿ ನೋಡಿ

ಬಿಟ್ಟುಬಿಡೋಣ ಅನ್ನಿಸುವ ಹಂತ ಇದೇ. ಬಿಡಬೇಡಿ. ಇದಕ್ಕೆ ಬೇಕಾದ್ದು ಎರಡು ಸ್ಟೀಲ್ ತಟ್ಟೆ, ಒಂದು ಟಾರ್ಚು, ಪೂಜೆಯ ಗಂಟೆ, ಬೀದಿಯ ನಾಲ್ಕು ಮಕ್ಕಳು.

ತಟ್ಟೆಗಳನ್ನು ಮಣೆ ಬರುವ ಜಾಗದಲ್ಲಿ ಇಡಿ. ನೀವೇ ಸರ್ಕ್ಯೂಟ್. ಇಬ್ಬರು ಮಕ್ಕಳು ತಟ್ಟೆ ಮುಟ್ಟಿ ಕೈ ಹಿಡಿದಾಗ ಟಾರ್ಚು ಹಾಕಿ ಗಂಟೆ ಬಾರಿಸಿ. ಬಿಟ್ಟಾಗ ನಿಲ್ಲಿಸಿ. ಹೇಗೆ ಆಡಬೇಕು ಅಂತ ಬಾಯಿ ಬಿಡಬೇಡಿ, ಸುಮ್ನೆ ನೋಡಿ.

ನಮ್ಮ ಮನೆಯಲ್ಲಿ ಮೊದಲ ಮಗು ತಟ್ಟೆಯನ್ನು ನೋಡಲೇ ಇಲ್ಲ, ನೇರವಾಗಿ ಗೊಂಬೆಗೇ ಕೈ ಹಾಕಿತು. ಎರಡನೆಯದು ಬುದ್ಧಿವಂತ, ಒಬ್ಬನೇ ಎರಡೂ ಕೈ ಚಾಚಿ ಎರಡೂ ತಟ್ಟೆ ಮುಟ್ಟಿದ. ಆಟ ಅಲ್ಲಿಗೆ ಮುಗಿಯಿತು, ಗೆಳೆಯ ಬೇಕಾಗಲೇ ಇಲ್ಲ. ಮೂರನೇ ಜೋಡಿ ತಟ್ಟೆ ಮುಟ್ಟಿಕೊಂಡು ನಿಂತೇ ಇದ್ದರು, ಕೈ ಹಿಡಿಯಬೇಕು ಅಂತ ತೋಚಲಿಲ್ಲ.

ಮೂರಕ್ಕೂ ಉತ್ತರ ಜಾಗದಲ್ಲಿ, ಚಿತ್ರದಲ್ಲಿ ಇದೆ. ತಂತಿಯಲ್ಲಿ ಇಲ್ಲ. ಕೈ ಎಲ್ಲಿ ಇಡಬೇಕು ಅಂತ ತಿಳಿಯಲು ತಗಡಿನ ಸುತ್ತ ಮಣೆಯ ಮೇಲೆ ಅಂಗೈಯ ಗುರುತು ಬರೆಯಿರಿ. ಒಬ್ಬರಿಗೇ ಎಟುಕದಿರಲು ಮಣೆಗಳ ನಡುವಿನ ಅಂತರ ನೋಡಿಕೊಳ್ಳಿ. ಎರಡೂ ತೋಳು ಚಾಚಿದರೆ ಸುಮಾರು ಅವರವರ ಎತ್ತರದಷ್ಟೇ ಬರುತ್ತದೆ. ಒಂದೂವರೆ ಮೀಟರ್ ಬಿಟ್ಟರೆ ಹತ್ತು ವರ್ಷದವರಿಗೆ ಎಟುಕುವುದಿಲ್ಲ, ಇಬ್ಬರು ಸೇರಿದರೆ ಆರಾಮಾಗಿ ಸಿಗುತ್ತದೆ. ಕೈ ಹಿಡಿಯಬೇಕು ಅಂತ ಹೊಳೆಯಲು ಎರಡೂ ಮಣೆಗಳ ನಡುವೆ ನೆಲದ ಮೇಲೆ ಕೈ ಕೈ ಹಿಡಿದ ಇಬ್ಬರ ಚಿತ್ರ ಇಡಿ. “ಇಲ್ಲಿ ಮುಟ್ಟಿ” ಅಂತ ಬೋರ್ಡು ಬರೆದು ನೋಡಿದೆ. ದೊಡ್ಡವರು ಓದಿದರು, ಮಕ್ಕಳು ಓದಲಿಲ್ಲ.

ಮಕ್ಕಳು ತಾವಾಗಿ “ಇನ್ನೊಂದ್ಸಲ” ಅಂದರೆ ಮುಂದಿನ ಹಂತಕ್ಕೆ ಹೋಗಿ. ಅನ್ನದಿದ್ದರೆ ಜಾಗ ಬದಲಿಸಿ ಮತ್ತೆ ಆಡಿಸಿ. ಸೋಲ್ಡರ್ ಕಾಯುತ್ತದೆ.

ಹಂತ 2: ಮಣೆ ಮತ್ತು ತಗಡು

ಪಟ್ಟದ ಗೊಂಬೆಗೆ ಮಾತ್ರ ಏನೂ ಅಂಟಿಸಬೇಡಿ, ತೂತು ಹೊಡೆಯಬೇಡಿ. ತವರಿನಿಂದ ಬಂದ ಜೋಡಿ ಅದು. ಟೇಪು ಕಿತ್ತಾಗ ಬಣ್ಣವೂ ಕಿತ್ತು ಬಂದರೆ ಮನೆಯಲ್ಲಿ ಯಾರಿಗೆ ಉತ್ತರ ಕೊಡುತ್ತೀರಿ? ಮುಟ್ಟುವುದೆಲ್ಲ ಮಣೆಯ ಮೇಲೆ, ಬೆಳಕೆಲ್ಲ ಮಂಟಪದಲ್ಲಿ. ಗೊಂಬೆ ತನ್ನ ಪಾಡಿಗೆ ಮೇಲಿನ ಮೆಟ್ಟಿಲಿನಲ್ಲಿ ಕೂತಿರಲಿ.

ತಗಡಿನ ನಾಲ್ಕೂ ಅಂಚನ್ನು ಅರ್ಧ ಸೆಂಟಿಮೀಟರ್ ಒಳಕ್ಕೆ ಮಡಿಸಿ, ಮೂಲೆಗೆ ಅರ ಹಾಕಿ. ತೆಳು ತಾಮ್ರ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಒಂದು ತುದಿಯಲ್ಲಿ ತೂತು ಕೊರೆದು ಬೋಲ್ಟು ಇಳಿಸಿ ಮಣೆಗೆ ಬಿಗಿಯಿರಿ. ಮಣೆಯ ಅಡಿಯಲ್ಲಿ ಎರಡು ವಾಷರ್‌ಗಳ ನಡುವೆ ವೈರಿನ ತುದಿಯನ್ನು ಸುತ್ತಿ ನಟ್ಟು ಬಿಗಿ ಮಾಡಿ. ತಗಡಿಗೆ ಬೆಸುಗೆ ಹಾಕಲು ಹೋಗಬೇಡಿ, ಅಗಲವಾದ ತಾಮ್ರ ಬಿಸಿಯನ್ನೆಲ್ಲ ಹೀರಿಕೊಂಡು ಬಿಡುತ್ತದೆ, ಸಣ್ಣ ಐರನ್‌ನಿಂದ ಆಗುವ ಕೆಲಸ ಅಲ್ಲ.

ತಗಡಿನ ಮೇಲೆ ಬಣ್ಣ, ವಾರ್ನಿಷ್, ಪಾಲಿಷ್ ಯಾವುದೂ ಬೇಡ. ಮಂಡ್ಯದ ಒಬ್ಬರು ಚಂದ ಕಾಣಲಿ ಅಂತ ತಗಡಿನ ಮೇಲೆ ಎನಾಮೆಲ್‌ನಲ್ಲಿ ರಂಗೋಲಿ ಬರೆದಿದ್ದರು. ನಿಜಕ್ಕೂ ಚಂದ ಇತ್ತು. ಕೆಲಸ ಮಾಡಲಿಲ್ಲ. ಕುಸುರಿ ಎಲ್ಲ ಮಣೆಯ ಮರದ ಮೇಲಿರಲಿ.

ಜರಿ ಲೇಸು ಅಂಟಿಸುವವರು ಒಂದು ಮಾತು ಕೇಳಿ. ಕೆಲವು ಜರಿಯಲ್ಲಿ ಲೋಹದ ಎಳೆ ಇರುತ್ತದೆ, ಕೆಲವು ಬರೀ ಪ್ಲಾಸ್ಟಿಕ್. ಮೀಟರನ್ನು ಬೀಪ್ ಸದ್ದಿನ ಕಡೆ ತಿರುಗಿಸಿ ಲೇಸಿನ ಮೇಲೆ ಮೀಟರಿನ ಎರಡು ಕಡ್ಡಿ (ಪ್ರೋಬ್) ಇಡಿ. ಬೀಪ್ ಬಂದರೆ ಆ ಲೇಸು ತಗಡಿಗೆ ತಾಗದಂತೆ ಒಂದು ಬೆರಳು ದೂರ ಇರಲಿ.

ಈಗ ಎರಡು ಪರೀಕ್ಷೆ. ತಗಡಿನ ದೂರದ ಮೂಲೆಗೂ ವೈರಿನ ತುದಿಗೂ ಕಡ್ಡಿ ಇಟ್ಟರೆ ಬೀಪ್ ಬರಬೇಕು. ಆಮೇಲೆ ಮೀಟರನ್ನು ಅತಿ ದೊಡ್ಡ ಓಮ್ ಅಳತೆಗೆ ಹಾಕಿ, ಮಣೆಯ ಬರೀ ಮರದ ಮೇಲೆ ಎರಡು ಸೆಂಟಿಮೀಟರ್ ಅಂತರದಲ್ಲಿ ಕಡ್ಡಿ ಒತ್ತಿ. ಯಾವ ಅಂಕಿಯೂ ಬರಬಾರದು. ಬಂದರೆ ಮರದಲ್ಲಿ ಇನ್ನೂ ತೇವ ಇದೆ. ಎರಡು ದಿನ ಬಿಸಿಲಿಗೆ ಹಾಕಿ. ದಸರಾ ಹೊತ್ತಿಗೆ ನಮ್ಮಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಹಾಗಾಗಿ ಈ ಕೆಲಸ ಮುಂಚೆಯೇ ಮುಗಿಸಿ.

ಹಂತ 3: ಬ್ರೆಡ್‌ಬೋರ್ಡಿನ ಮೇಲೆ ಸರ್ಕ್ಯೂಟ್

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲುಗಳು ಕೆಳಗೆ. ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. 547ಕ್ಕೂ 557ಕ್ಕೂ ಇದೇ ಸಾಲು. ಅಂಗಡಿಯವರು “ಇದೂ ಅದೇ” ಅಂತ ಬೇರೆ ನಂಬರಿನದು ಕೊಟ್ಟರೆ ಕಾಲಿನ ಸಾಲು ಬೇರೆ ಇರಬಹುದು, ತರಬೇಡಿ.

1. ಸೆಲ್ ಡಬ್ಬಿಯ ಪ್ಲಸ್‌ನಿಂದ 100 ಕಿಲೊ ಓಮ್, ಅಲ್ಲಿಂದ ರಾಣಿಯ ತಗಡು.
2. ರಾಜನ ತಗಡಿನಿಂದ ಇನ್ನೊಂದು 100 ಕಿಲೊ ಓಮ್, ಅಲ್ಲಿಂದ ಮೊದಲ 547ರ ಬೇಸ್.
3. ಅದೇ ಬೇಸ್‌ನಿಂದ ಮೈನಸ್‌ಗೆ 1 ಮೆಗಾ ಓಮ್. ಅದರ ಪಕ್ಕದಲ್ಲೇ 104 ಕೆಪಾಸಿಟರ್, ಅದೂ ಬೇಸ್‌ನಿಂದ ಮೈನಸ್‌ಗೆ.
4. ಮೊದಲ 547ರ ಎಮಿಟರ್, ಎರಡನೇ 547ರ ಬೇಸ್‌ಗೆ. ಎರಡನೆಯದರ ಎಮಿಟರ್ ಮೈನಸ್‌ಗೆ.
5. ಎರಡೂ 547ರ ಕಲೆಕ್ಟರ್‌ಗಳನ್ನು ಕೂಡಿಸಿ, ಅಲ್ಲಿಂದ 4.7 ಕಿಲೊ ಓಮ್ ಮೂಲಕ 557ರ ಬೇಸ್‌ಗೆ.
6. 557ರ ಎಮಿಟರ್ ಪ್ಲಸ್‌ಗೆ. ಅದರ ಬೇಸ್‌ಗೂ ಪ್ಲಸ್‌ಗೂ ನಡುವೆ 47 ಕಿಲೊ ಓಮ್.
7. 557ರ ಕಲೆಕ್ಟರ್‌ನಿಂದ ಆರು ಎಲ್‌ಇಡಿಗಳ ಉದ್ದ ಕಾಲಿಗೆ. ಪ್ರತಿ ಎಲ್‌ಇಡಿಯ ಗಿಡ್ಡ ಕಾಲಿನಿಂದ ಅದರದ್ದೇ 220 ಓಮ್ ಮೂಲಕ ಮೈನಸ್‌ಗೆ.
8. 470ರ ಕೆಪಾಸಿಟರ್ ಪ್ಲಸ್–ಮೈನಸ್ ನಡುವೆ. ಬಿಳಿ ಪಟ್ಟಿ ಇರುವ ಕಾಲು ಮೈನಸ್‌ಗೆ.

ಒಳಗೆ ಏನು ನಡೆಯುತ್ತದೆ ಅಂದರೆ, ಮಕ್ಕಳ ಮೈ ಮೂಲಕ ಬರುವ ಕರೆಂಟ್ ತೀರಾ ಸಣ್ಣದು. ಮೊದಲ 547 ಅದನ್ನು ನೂರಾರು ಪಟ್ಟು ಮಾಡಿ ಎರಡನೆಯದಕ್ಕೆ ಕೊಡುತ್ತದೆ, ಅದು ಮತ್ತೆ ನೂರಾರು ಪಟ್ಟು ಮಾಡುತ್ತದೆ. ಆ ಬಲದಿಂದ 557 ತೆರೆದುಕೊಂಡು ದೀಪಕ್ಕೂ ದನಿಗೂ ಪ್ಲಸ್ ಕೊಡುತ್ತದೆ. ಎರಡು 100 ಕಿಲೊ ಓಮ್‌ಗಳು ಕಾವಲಿಗೆ. ಎರಡೂ ತಗಡನ್ನು ಯಾರಾದರೂ ತಂತಿಯಿಂದಲೇ ಜೋಡಿಸಿದರೂ 22 ಮೈಕ್ರೊ ಆಂಪಿಯರ್‌ಗಿಂತ ಜಾಸ್ತಿ ಹರಿಯದು. ಮೈಗೆ ಗೊತ್ತೇ ಆಗುವುದಿಲ್ಲ. ಆದರೂ ಪೇಸ್‌ಮೇಕರ್ ಇರುವವರು ಸಾಲಿಗೆ ಸೇರುವುದು ಬೇಡ, ಕೂತು ನೋಡಲಿ.

ಇಲ್ಲಿ ಆಗುವ ದೊಡ್ಡ ತಪ್ಪು ಬಣ್ಣದ ಗೊಂದಲ. 1 ಮೆಗಾ ಓಮ್ ಅಂದರೆ ಕಂದು, ಕಪ್ಪು, ಹಸಿರು. 100 ಕಿಲೊ ಅಂದರೆ ಕಂದು, ಕಪ್ಪು, ಹಳದಿ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಣ್ಣನ್ನು ನಂಬಬೇಡಿ, ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆದು ಆಮೇಲೆ ಚುಚ್ಚಿ. ಅಳೆಯುವಾಗ ಎರಡೂ ಕಾಲನ್ನು ಬೆರಳಿನಿಂದ ಹಿಡಿದುಕೊಂಡರೆ ನಿಮ್ಮ ಮೈಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಂತ 4: ಮೊದಲು ರೆಸಿಸ್ಟರ್ ಪರೀಕ್ಷೆ, ಆಮೇಲೆ ಕೈ ಪರೀಕ್ಷೆ

ನೇರವಾಗಿ ಮಕ್ಕಳನ್ನು ಕರೆಯಬೇಡಿ. ಮಕ್ಕಳ ಕೈ ಗಳಿಗೆಗೊಂದು ಥರ. ರೆಸಿಸ್ಟರ್ ಯಾವಾಗಲೂ ಒಂದೇ ಥರ.

ಎರಡೂ ತಗಡಿನ ನಡುವೆ, ಕ್ಲಿಪ್ ಹಾಕಿ, ಉಳಿದಿರುವ 1 ಮೆಗಾ ಓಮ್ ಜೋಡಿಸಿ. ದೀಪ ಪೂರ್ತಿ ಬೆಳಗಬೇಕು. ತೆಗೆದು 10 ಮೆಗಾ ಓಮ್ ಜೋಡಿಸಿ. ಬೆಳಗಬಾರದು, ಮಿಣುಕಲೂಬಾರದು. ಇವೆರಡೂ ಸರಿಯಾದರೆ ಸರ್ಕ್ಯೂಟ್ ಸರಿ. ಮುಂದೆ ಏನೇ ಕೆಟ್ಟರೂ ಇಲ್ಲಿಗೆ ವಾಪಸ್ ಬನ್ನಿ, ಈ ಪರೀಕ್ಷೆ ಮತ್ತೆ ಮಾಡಿ. ತಪ್ಪು ಸರ್ಕ್ಯೂಟ್‌ನಲ್ಲೋ ಹೊರಗೋ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಕೈ. ಮೊದಲು ನೀವೊಬ್ಬರೇ ಎರಡೂ ತಗಡು ಮುಟ್ಟಿ. ಆಮೇಲೆ ಇಬ್ಬರು, ಆಮೇಲೆ ನಾಲ್ವರು. ಬೆರಳ ತುದಿ ಇಟ್ಟಾಗ ಮಂಕಾಗಿ, ಅಂಗೈ ಇಟ್ಟಾಗ ಪೂರ್ತಿ ಬೆಳಗುವುದು ಸಹಜ. ತಗಡು ಅಂಗೈಯಷ್ಟು ಅಗಲ ಇರಲಿ ಅಂದಿದ್ದು ಇದಕ್ಕೇ.

ನಮ್ಮ ಮನೆಯಲ್ಲಿ ಎಲ್ಲರಿಗೂ ಬೆಳಗಿದ್ದು ನಮ್ಮಜ್ಜಿಗೆ ಬೆಳಗಲಿಲ್ಲ. “ನನ್ನ ಕೈ ಗುಣವೇ ಹಾಗೆ” ಅಂತ ಅವರು ಬೇಜಾರು ಮಾಡಿಕೊಂಡು ಎದ್ದು ಹೋದರು. ವಯಸ್ಸಾದವರ ಕೈ ಒಣಗಿರುತ್ತದೆ, ಒಣ ಚರ್ಮ ಕರೆಂಟನ್ನು ತಡೆಯುತ್ತದೆ, ಅಷ್ಟೇ. ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರೆ ಸಾಕಿತ್ತು. ಮನೆಯಲ್ಲಿ ಹಿರಿಯರು ಜಾಸ್ತಿ ಇದ್ದರೆ 3ನೇ ಜೋಡಣೆಯ 1 ಮೆಗಾ ಓಮ್ ತೆಗೆದು 2.2 ಮೆಗಾ ಓಮ್ ಹಾಕಿ. ಆಗ ಸೂಕ್ಷ್ಮ ಜಾಸ್ತಿ ಆಗುತ್ತದೆ, ತೇವಕ್ಕೂ ಬೇಗ ಮೋಸಹೋಗುತ್ತದೆ. ಹಾಗಾಗಿ 10 ಮೆಗಾ ಓಮ್ ಪರೀಕ್ಷೆ ಮತ್ತೊಮ್ಮೆ ಮಾಡಲೇಬೇಕು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂತ ಮಾತ್ರ ಹೇಳಬೇಡಿ, ಎಣ್ಣೆ ಇನ್ನಷ್ಟು ತಡೆಯುತ್ತದೆ.

ಹಂತ 5: ದನಿ

ಮಾಡ್ಯೂಲಿನ ಪ್ಲಸ್, ಮೈನಸ್ ಎರಡನ್ನೂ ಸೆಲ್ ಡಬ್ಬಿಗೆ ಕೊಡಿ. ಅದರ ಮೇಲೆ ಪಿ-ಇ, ಪಿ-ಎಲ್ ಅಂತ ಎರಡು ಪಿನ್ ಇರುತ್ತವೆ. ಪಿ-ಇಗೆ ಒಂದು ಸಲ ಪ್ಲಸ್ ತಾಗಿದರೆ ಸಾಕು, ದನಿ ಕೊನೆಯವರೆಗೂ ಹೋಗುತ್ತದೆ. ಪಿ-ಎಲ್‌ಗೆ ಪ್ಲಸ್ ಇರುವಷ್ಟು ಹೊತ್ತು ಮಾತ್ರ. ಇದರಲ್ಲಿ ಯಾವುದು ಅನ್ನುವುದರ ಮೇಲೆ ಆಟವೇ ಬದಲಾಗುತ್ತದೆ. ಪಿ-ಇ ಹಾಕಿದರೆ ಮಕ್ಕಳು ತಟ್ಟಿ ಓಡುತ್ತಾರೆ. ಪಿ-ಎಲ್ ಹಾಕಿದರೆ ದನಿ ಮುಗಿಯುವವರೆಗೂ ಕೈ ಬಿಡದೆ ನಿಲ್ಲುತ್ತಾರೆ. ನನ್ನ ಓಟು ಪಿ-ಎಲ್‌ಗೆ.

557ರ ಕಲೆಕ್ಟರ್‌ನಿಂದ ಒಂದು ವೈರು ಪಿ-ಎಲ್‌ಗೆ, ಪಿ-ಎಲ್‌ನಿಂದ ಮೈನಸ್‌ಗೆ 10 ಕಿಲೊ ಓಮ್. ಈ 10 ಕಿಲೊ ಬಿಟ್ಟರೆ ದನಿ ತನಗೆ ತಾನೇ ಶುರುವಾಗುವುದುಂಟು.

ಪಿ-ಎಲ್‌ನ ಒಂದು ಕಾಟ, ಕೈ ಸ್ವಲ್ಪ ಅಲುಗಿದರೂ ದನಿ ಮೊದಲಿನಿಂದ ಶುರುವಾಗಿ “ಬ ಬ ಬನ್ನಿ” ಅಂತ ತೊದಲುತ್ತದೆ. 104 ಕೆಪಾಸಿಟರ್ ತೆಗೆದು 105 ಬರೆದಿರುವ ಸೆರಾಮಿಕ್ ಹಾಕಿ. ಕೈ ಹಿಡಿದ ಮೇಲೆ ಅರೆಗಳಿಗೆ ತಡವಾಗಿ ಬೆಳಗುತ್ತದೆ, ತೊದಲು ಹೋಗುತ್ತದೆ. ನನಗಂತೂ ಆ ಅರೆಗಳಿಗೆಯ ತಡವೇ ಇಷ್ಟ, ಮಕ್ಕಳು ಉಸಿರು ಹಿಡಿದು ಕಾಯುತ್ತಾರೆ.

ಮಾಡ್ಯೂಲಿನಲ್ಲಿ ದನಿಗೆ ಜಾಗ ಇರುವುದು ಸುಮಾರು 10 ಸೆಕೆಂಡಿಗೆ. ಎಂಟರಲ್ಲಿ ಮುಗಿಸಿ. ಫ್ಯಾನ್ ಆರಿಸಿ, ಅಜ್ಜಿ ಮೈಕಿಗೆ ಒಂದು ಗೇಣು ದೂರದಲ್ಲಿ ಕೂತು ಮಾತಾಡಲಿ. ರೆಕಾರ್ಡ್ ಬಟನ್ ಒತ್ತಿಯೇ ಹಿಡಿದಿರಬೇಕು. ಸೆಲ್ ತೆಗೆದರೂ ದನಿ ಅಳಿಸಿಹೋಗುವುದಿಲ್ಲ. ಸ್ಪೀಕರ್ ಕುಯ್ಯೋ ಅಂತ ಕೂಗಿದರೆ ಎಫ್‌ಟಿ ಅನ್ನುವ ಜಂಪರ್ (ಎರಡು ಪಿನ್ ಕೂಡಿಸುವ ಪುಟ್ಟ ಟೊಪ್ಪಿ) ಹಾಕಿರುತ್ತದೆ, ತೆಗೆದುಬಿಡಿ.

ಹಂತ 6: ಬೆಸುಗೆ

ಎರಡು ದಿನ ಬ್ರೆಡ್‌ಬೋರ್ಡಿನಲ್ಲಿ ಸರಿಯಾಗಿ ನಡೆದ ಮೇಲೆಯೇ ಜೀರೋ ಪಿಸಿಬಿಗೆ ಇಳಿಸಿ. ಬ್ರೆಡ್‌ಬೋರ್ಡನ್ನೇ ಗೊಂಬೆ ಹಿಂದೆ ಇಟ್ಟರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಒಂದು ಮಗು ಮೆಟ್ಟಿಲಿಗೆ ತಾಗಿದರೆ ಸಾಕು, ಒಂದು ಕಾಲು ಕಿತ್ತು ಬರುತ್ತದೆ, ಯಾವುದು ಅಂತ ಹುಡುಕುವಷ್ಟರಲ್ಲಿ ವಿಜಯದಶಮಿ.

ಐರನ್ ಮೊದಲು ಕಾಲಿಗೂ ತಾಮ್ರದ ವೃತ್ತಕ್ಕೂ ತಾಗಲಿ, ಆಮೇಲೆ ಸೋಲ್ಡರ್. ಹೊಳೆಯುವ ಸಣ್ಣ ಗುಡ್ಡದ ಹಾಗೆ ಕೂತರೆ ಸರಿ. ಉಂಡೆಯ ಹಾಗೆ ನಿಂತರೆ ಹಿಡಿದಿಲ್ಲ. ಟ್ರಾನ್ಸಿಸ್ಟರ್ ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಬಿಸಿ ಕೊಡಬೇಡಿ. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಚಕ್ಕುಲಿಗೆ ಕೈ ಹಾಕುವುದು ಅದಾದ ಮೇಲೆ.

ಬೋರ್ಡಿನ ಅಡಿಯ ಅಂಟುಜಿಡ್ಡನ್ನು ಹಳೆಯ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ. ಬೇಸ್ ಪಕ್ಕದಲ್ಲಿ ಕೊಳೆ ಕೂತರೆ ಅದೇ ಒಂದು ರೆಸಿಸ್ಟರ್ ಆಗಿಬಿಡುತ್ತದೆ. ಆಮೇಲೆ 1 ಮೆಗಾ, 10 ಮೆಗಾ ಪರೀಕ್ಷೆ ಮತ್ತೊಂದು ಸಲ.

ಹಂತ 7: ಮೆಟ್ಟಿಲಿನ ಮೇಲೆ ಕೂರಿಸುವುದು

ಮೇಜಿನ ಮೇಲೆ ಸರಿ ಇದ್ದದ್ದು ಕೆಡುವುದು ಇಲ್ಲಿ. ಕಾರಣಗಳು ನಾಲ್ಕೇ.

ಒಂದನೆಯದು ವೈರಿನ ಉದ್ದ. ಬೋರ್ಡಿನ ಡಬ್ಬಿ ರಾಜನ ಮಣೆಯ ಹಿಂದೆಯೇ ಇರಲಿ. ರಾಜನ ವೈರು ಅರ್ಧ ಮೀಟರ್ ಮೀರಬಾರದು, ಏಕೆಂದರೆ ಅದು ಬೇಸ್‌ಗೆ ಹೋಗುವ ವೈರು, ಸುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನೆಲ್ಲ ಹಿಡಿಯುತ್ತದೆ. ರಾಣಿಯ ವೈರು ಎರಡು ಮೀಟರ್ ಇದ್ದರೂ ಚಿಂತೆಯಿಲ್ಲ. ಇದನ್ನು ಅದಲುಬದಲು ಮಾಡಿದವರೇ ಹೆಚ್ಚು.

ಎರಡನೆಯದು ಸೀರಿಯಲ್ ಸೆಟ್. ಗೊಂಬೆ ಅಂದರೆ ಸೀರಿಯಲ್ ಸೆಟ್ ಇರಲೇಬೇಕು, ಗೊತ್ತು. ಆದರೆ ಅದು 230 ವೋಲ್ಟ್, ವೈರಿನ ಸಿಪ್ಪೆ ತೆಳ್ಳಗೆ. ಸಿಪ್ಪೆ ಹರಿದ ಕಡೆ ನಮ್ಮ ತಾಮ್ರ ತಾಗಿದರೆ ಮಕ್ಕಳ ಜೀವಕ್ಕೇ ಅಪಾಯ. ನಮ್ಮ 100 ಕಿಲೊ ಓಮ್‌ಗಳು ಆಗ ಯಾರನ್ನೂ ಕಾಯುವುದಿಲ್ಲ. ಸೆಟ್ಟನ್ನು ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಹಾಕಿ, ಮಣೆ ಮತ್ತು ನಮ್ಮ ವೈರುಗಳಿಂದ ಒಂದು ಮೀಟರ್ ದೂರ. ಇಡೀ ದರ್ಬಾರು ಸೆಲ್ ಮೇಲೆಯೇ ನಡೆಯಬೇಕು, ಯಾವ ಅಡಾಪ್ಟರನ್ನೂ ಚುಚ್ಚಬಾರದು. ಇಷ್ಟೆಲ್ಲದರಲ್ಲಿ ರಾಜಿ ಇಲ್ಲದ ಮಾತು ಇದೊಂದೇ.

ಮೂರನೆಯದು ನೆಲ. ಒಬ್ಬರ ಮನೆಯಲ್ಲಿ ಬೆಳಿಗ್ಗೆ ಮಾತ್ರ ಮಕ್ಕಳು ಕೈ ಹಿಡಿಯದೆಯೂ ಬೆಳಗುತ್ತಿತ್ತು. ಆಗಷ್ಟೇ ಒರೆಸಿದ ನೆಲ, ಬರಿಗಾಲಿನ ಮಕ್ಕಳು. ಕರೆಂಟ್ ಕೈ ಬಿಟ್ಟು ಕಾಲಿನ ದಾರಿ ಹಿಡಿದಿತ್ತು. ಒಂದು ಜಮಖಾನ ಹಾಸಿದರು, ಮುಗಿಯಿತು.

ನಾಲ್ಕನೆಯದು ಪೂಜೆಯ ನೀರು. ಆರತಿ, ಅರಿಶಿನ, ತೀರ್ಥ ಎಲ್ಲ ಮೇಲಿನ ಮೆಟ್ಟಿಲಲ್ಲಿ ನಡೆದು ಕೆಳಗೆ ಸೋರುತ್ತದೆ. ಡಬ್ಬಿಗೆ ಮುಚ್ಚಳ ಇರಲಿ, ಅದನ್ನು ನೆಲದಿಂದ ಒಂದಿಷ್ಟು ಎತ್ತರಿಸಿ ಇಡಿ.

ಮಂಟಪದ ಎಲ್‌ಇಡಿಗಳು ನೇರ ಕಣ್ಣಿಗೆ ಹೊಡೆಯದಂತೆ ಟ್ರೇಸಿಂಗ್ ಪೇಪರಿನ ಹಿಂದೆ ಕೂರಿಸಿ. ಗೊಂಬೆಯ ಕೆಳಗಿನಿಂದ ಬೆಳಕು ಬಂದರೆ ಮುಖ ಭಯಂಕರವಾಗಿ ಕಾಣುತ್ತದೆ. ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬರಲಿ.

ಲಕ್ಷಣ ನೋಡಿ ರೋಗ ಹುಡುಕುವುದು

ಯಾರೂ ಮುಟ್ಟದೆ ಸದಾ ಬೆಳಗಿದ್ದರೆ ಮೊದಲು ರಾಜನ ವೈರು ಬಿಚ್ಚಿ. ಆರಿದರೆ ತೇವ ಹೊರಗಿದೆ, ಮಣೆಯಲ್ಲಿ ಅಥವಾ ಒದ್ದೆ ಬಟ್ಟೆಯಲ್ಲಿ. ಆರದಿದ್ದರೆ ಬೋರ್ಡಿನಲ್ಲೇ ಶಾರ್ಟ್, ಇಲ್ಲವೇ ಸುಟ್ಟ ಟ್ರಾನ್ಸಿಸ್ಟರ್.

ಒಬ್ಬರೇ ರಾಜನ ತಗಡು ಮುಟ್ಟಿದಾಗ ಮಿಣುಕಿದರೆ 104 ಕೆಪಾಸಿಟರ್ ಹಾಕಿಲ್ಲ, ಅಥವಾ ಅದರ ಬೆಸುಗೆ ಬಿಟ್ಟಿದೆ. ಮನೆಯ ವೈರಿಂಗ್‌ನ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಮೈಗೆ ಅಂಟಿಕೊಂಡು ಬರುತ್ತಿದೆ ಅಂತ ಅರ್ಥ.

ಸಂಜೆ ಆದಂತೆ ಮಂಕಾಗಿ, ಬೆಳಿಗ್ಗೆ ಮತ್ತೆ ಸರಿ ಇದ್ದರೆ ಸೆಲ್ ಸುಸ್ತಾಗಿದೆ. ದನಿ ಬಂದಾಗ ಮಾತ್ರ ದೀಪ ನಡುಗಿದರೂ ಅದೇ, ಇಲ್ಲವೇ 470ರ ಕೆಪಾಸಿಟರ್ ಮರೆತಿದ್ದೀರಿ. 557 ಮುಟ್ಟಿದರೆ ಸುಡುತ್ತಿದ್ದರೆ ತಕ್ಷಣ ಸೆಲ್ ತೆಗೆಯಿರಿ, ಎಲ್ಲೋ ಒಂದು 220 ಓಮ್ ಬಿಟ್ಟುಹೋಗಿದೆ.

ಮೂರನೇ ದಿನದ ಹೊತ್ತಿಗೆ ಯಾರ ಕೈಗೂ ಸ್ಪಂದಿಸದೆ, 1 ಮೆಗಾ ಪರೀಕ್ಷೆಯಲ್ಲಿ ಮಾತ್ರ ಚೆನ್ನಾಗಿದ್ದರೆ ತಗಡಿನ ಮೇಲೆ ಕೈ ಆಡಿಸಿ ನೋಡಿ. ಜಿಡ್ಡು! ಬೊಂಬೆ ಬಾಗಿನ ಇಸಕೊಂಡು, ಕೋಡುಬಳೆ ತಿಂದ ಕೈಯಲ್ಲೇ ಬಂದು ಮುಟ್ಟಿರುತ್ತಾರೆ. ದಿನಾ ಸಂಜೆ ಮಕ್ಕಳು ಬರುವ ಮುಂಚೆ ಒಣ ಬಟ್ಟೆಯಲ್ಲಿ ತಗಡು ಒರೆಸಿ, ಬಾಗಿನವನ್ನು ಆಟ ಮುಗಿದ ಮೇಲೆ ಕೊಡಿ. ತಾಮ್ರ ಕಪ್ಪಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು, ಆದರೆ ತಗಡನ್ನು ಮಣೆಯಿಂದ ಬಿಚ್ಚಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ವಾಪಸ್ ಹಾಕಿ. ಹುಣಸೆ ರಸ ಮರಕ್ಕೆ ಇಳಿದರೆ ಅದೇ ಸೋರಿಕೆಯ ದಾರಿ.

ಆಯುಧ ಪೂಜೆಯ ದಿನ ಮೀಟರಿಗೂ ಐರನ್‌ಗೂ ಧಾರಾಳವಾಗಿ ಅರಿಶಿನ ಕುಂಕುಮ ಇಡಿ. ಬೋರ್ಡಿಗೆ ಮಾತ್ರ ಬೇಡ, ಡಬ್ಬಿಯ ಮುಚ್ಚಳದ ಮೇಲೆ ಇಟ್ಟರಾಯಿತು.

ಇಳಿಸುವಾಗ

ಗೊಂಬೆ ಎತ್ತಿಡುವ ದಿನ ಮೊದಲು ತೆಗೆಯಬೇಕಾದ್ದು ಸೆಲ್. ಡಬ್ಬಿಯಲ್ಲೇ ಬಿಟ್ಟರೆ ವರ್ಷದೊಳಗೆ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ವೈರುಗಳಿಗೆ “ರಾಜ”, “ರಾಣಿ” ಅಂತ ಚೀಟಿ ಅಂಟಿಸಿ, ತಗಡುಗಳನ್ನು ಒಣ ಪೇಪರಿನಲ್ಲಿ ಸುತ್ತಿ. 1 ಮೆಗಾ, 10 ಮೆಗಾ ರೆಸಿಸ್ಟರ್ ಎರಡನ್ನೂ ಬೋರ್ಡಿನ ಡಬ್ಬಿಯಲ್ಲೇ ಹಾಕಿಡಿ. ಗೊಂಬೆ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಅಲ್ಲಿ ನುಸಿಗುಳಿಗೆ ಹಾಕಿರುತ್ತಾರೆ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ.